ಹಿಮದಲ್ಲಿ ಕ್ಯಾಮೆರಾ ಹಿಡಿಯುವ ಕೈಗೆ ಯಾವ ಕೈಗವಸು? ಕರಾವಳಿಯಿಂದ ಹೊರಡುವವರಿಗೆ ಒಂದು ಹೋಲಿಕೆ

ಕಾಸರಗೋಡಿನ ಮನೆಗಳಲ್ಲಿ ಕೈಗವಸು ಎಂಬ ವಸ್ತು ಇದ್ದರೆ ಅದು ಅಡಿಕೆಗೆ ಮದ್ದು ಬಿಡುವ ಕಾಲದಲ್ಲಿ ಮೈಲುತುತ್ತು, ಸುಣ್ಣ ಕಲಸಲು ಇಟ್ಟುಕೊಂಡ ರಬ್ಬರಿನದ್ದು, ಇಲ್ಲವೇ ಬೈಕಿನ ಸೀಟಿನಡಿಯಲ್ಲಿ ಮಡಚಿಟ್ಟದ್ದು. ಧನುಮಾಸದ ಮುಂಜಾನೆ ತೋಟಕ್ಕಿಳಿದರೆ ಒಂದು ಶಾಲು ಹೊದ್ದುಕೊಂಡರೆ ಸಾಕಾಗುವ ಊರು ನಮ್ಮದು. ತಾಪಮಾನ 20 ಡಿಗ್ರಿಗಿಂತ ಕೆಳಗೆ ಇಳಿಯುವುದೇ ಅಪರೂಪ. ಹೀಗಾಗಿ ಹಿಮಚಿರತೆಯನ್ನೋ ಮೊನಾಲ್ ಹಕ್ಕಿಯನ್ನೋ ಲಡಾಖಿನ ನಕ್ಷತ್ರಗಳನ್ನೋ ಚಿತ್ರಿಸಲೆಂದು ಹೊರಡುವ ನಮ್ಮ ಕಡೆಯವರು ಲೆನ್ಸಿನ ಬಗ್ಗೆ, ಜಾಕೆಟ್ಟಿನ ಬಗ್ಗೆ, ಬೂಟಿನ ಬಗ್ಗೆ ತಿಂಗಳುಗಟ್ಟಲೆ ವಿಚಾರಿಸಿ, ಕೈಗವಸನ್ನು ಮಾತ್ರ ರೈಲು ಹತ್ತುವ ಮುನ್ನಾ ದಿನ ಕೈಗೆ ಸಿಕ್ಕಿದ್ದನ್ನು ಕೊಂಡು ಚೀಲಕ್ಕೆ ಹಾಕುತ್ತಾರೆ.

ನಾನೂ ಮೊದಲ ಸಲ ಹಾಗೆಯೇ ಮಾಡಿದೆ. ಫೆಬ್ರವರಿಯಲ್ಲಿ ಹಿಮಾಚಲ ಪ್ರದೇಶದ ಸ್ಪಿತಿಯ ಕಿಬ್ಬರ್‌ಗೆ ಹೋದಾಗ ನನ್ನ ಬಳಿ ಇದ್ದದ್ದು ಪಟ್ಟಣದ ಒಂದು ಅಂಗಡಿಯಲ್ಲಿ ‘ಹಿಮಕ್ಕೂ ಆಗುತ್ತದೆ’ ಎಂದು ಹೇಳಿ ಕೊಟ್ಟ, ಒಳಗೆ ತೆಳುವಾದ ಸ್ಪಂಜು ಹೊಲಿದ ಕಪ್ಪು ಕೈಗವಸು. 4,200 ಮೀಟರಿಗೂ ಹೆಚ್ಚು ಎತ್ತರದ ಆ ಹಳ್ಳಿಯ ಅಂಚಿನಲ್ಲಿ, ಕಮರಿಯ ಆಚೆಯ ಬಂಡೆಗಳನ್ನು ನೋಡುತ್ತ ಬೆಳಗ್ಗೆ ಏಳರಿಂದ ಕುಳಿತಿದ್ದೆವು. ಹನ್ನೊಂದರ ಹೊತ್ತಿಗೆ ಚಿರತೆ ಬಂಡೆಯ ನೆರಳಿನಿಂದ ಎದ್ದು ಹೊರಬಂತು. ಅದೇ ಹೊತ್ತಿಗೆ ಮೆಮೊರಿ ಕಾರ್ಡ್ ತುಂಬಿತು. ಆ ದಪ್ಪ ಬೆರಳುಗಳಿಂದ ಕಾರ್ಡಿನ ಬಾಗಿಲನ್ನು ಸರಿಸಲು ಆಗದೆ, ಎರಡೂ ಕೈಗವಸುಗಳನ್ನು ಹಲ್ಲಿನಲ್ಲಿ ಕಚ್ಚಿ ಎಳೆದು ತೆಗೆದು, ಬರಿಗೈಯಲ್ಲಿ ಕಾರ್ಡ್ ಬದಲಿಸಿ, ಹಾಗೆಯೇ ಐದಾರು ನಿಮಿಷ ಚಿತ್ರ ತೆಗೆದೆ. ಆಮೇಲೆ ಶಟರ್ ಗುಂಡಿಯನ್ನು ಅರ್ಧ ಒತ್ತಿದ್ದೇನೋ ಪೂರ್ತಿ ಒತ್ತಿದ್ದೇನೋ (ಅರ್ಧ ಒತ್ತಿದರೆ ಫೋಕಸ್, ಪೂರ್ತಿ ಒತ್ತಿದರೆ ಚಿತ್ರ) ತೋರುಬೆರಳಿಗೆ ತಿಳಿಯಲೇ ಇಲ್ಲ. ಚಿರತೆ ಏಣಿನ ಮೇಲೆ ಆಕಾಶಕ್ಕೆ ಎದುರಾಗಿ ನಿಂತ ಆ ಗಳಿಗೆಯ ಒಂದು ಚಿತ್ರವೂ ನನ್ನಲ್ಲಿಲ್ಲ. ಜೊತೆಗಿದ್ದ ನನ್ನ ಭಾವ ನನ್ನ ಎರಡೂ ಕೈಗಳನ್ನು ತನ್ನ ಕಂಕುಳಲ್ಲಿ ಅದುಮಿ ಹಿಡಿದು ಕಾಲು ಗಂಟೆ ಕುಳಿತ ಮೇಲೆ ಬೆರಳುಗಳಿಗೆ ಜೀವ ಬಂತು. ಬರುವಾಗ ಆದ ಉರಿ ನೆನಪಿನಿಂದ ಹೋಗುವಂಥದ್ದಲ್ಲ.

ಆ ರಾತ್ರಿ ಕ್ಯಾಮೆರಾದಲ್ಲಿ ದಾಖಲಾಗಿದ್ದ ಸಮಯಗಳನ್ನು ನೋಡಿದೆ. ಹೊರಗೆ ಕುಳಿತದ್ದು ಒಟ್ಟು ಒಂಬತ್ತು ಗಂಟೆ, ಚಿತ್ರ ತೆಗೆದದ್ದು ಎಲ್ಲ ಸೇರಿ ಹದಿನೈದು ನಿಮಿಷವೂ ಅಲ್ಲ. ಛಾಯಾಗ್ರಾಹಕರ ಕೈಗವಸು ಎಂದ ಕೂಡಲೇ ಎಲ್ಲರೂ ಗುಂಡಿ ಒತ್ತಲು ಸುಲಭವೇ ಎಂದು ಕೇಳುತ್ತಾರೆ. ಕೇಳಬೇಕಾದದ್ದು, ಗುಂಡಿ ಒತ್ತದೆ ಕಾಯುವ ಆ ಎಂಟೂಮುಕ್ಕಾಲು ಗಂಟೆ ಇದು ಕೈಯನ್ನು ಬೆಚ್ಚಗಿಡುತ್ತದೆಯೇ ಎಂದು. ಬೆಚ್ಚಗಿದ್ದ ಬೆರಳು ಎರಡು ನಿಮಿಷ ತೆಳುವಾದ ಬಟ್ಟೆಯಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಮೊದಲೇ ತಣ್ಣಗಾದ ಬೆರಳು ಎಂಥ ನಾಜೂಕಾದ ಕೈಗವಸಿನೊಳಗಿದ್ದರೂ ಕೆಲಸಕ್ಕೆ ಬರುವುದಿಲ್ಲ. ಮುಂದೆ ಹೇಳುವ ಹೋಲಿಕೆಯೆಲ್ಲ ಈ ಒಂದು ಮಾತಿನ ಮೇಲೆ ನಿಂತಿದೆ.

ಬೆರಳು ಮೊದಲು ಸೋಲುವುದೇಕೆ

ದೇಹ ತಣ್ಣಗಾಗತೊಡಗಿದಾಗ ಹೃದಯ, ಮಿದುಳು ಮೊದಲಾದವುಗಳ ಶಾಖವನ್ನು ಉಳಿಸಲು ಕೈಕಾಲುಗಳ ರಕ್ತನಾಳಗಳು ಸಂಕುಚಿಸುತ್ತವೆ. ಬೆರಳುಗಳಲ್ಲಿ ಶಾಖ ಹುಟ್ಟಿಸುವ ಸ್ನಾಯುಗಳು ಇಲ್ಲವೆನ್ನಬಹುದು. ಅವನ್ನು ಆಡಿಸುವ ದೊಡ್ಡ ಸ್ನಾಯುಗಳು ಇರುವುದು ಮುಂಗೈಯಲ್ಲಿ. ಹಾಗಾಗಿ ಬೆರಳಿಗೆ ಬರುವ ಬಿಸಿಯೆಲ್ಲ ರಕ್ತದ ಮೂಲಕವೇ ಬರಬೇಕು. ಬೆರಳಿನ ಚರ್ಮದ ಉಷ್ಣತೆ ಸುಮಾರು 15 ಡಿಗ್ರಿಗಿಂತ ಕೆಳಗಿಳಿದರೆ ಕೈಚಳಕ ಕುಂದುತ್ತದೆ. ಇನ್ನೂ ಇಳಿದರೆ ಸ್ಪರ್ಶಜ್ಞಾನವೇ ಹೋಗುತ್ತದೆ. ಕೈಯನ್ನು ಚಳಿಯಲ್ಲಿ ಹಾಗೆಯೇ ಬಿಟ್ಟರೆ ಸ್ವಲ್ಪ ಹೊತ್ತಿನ ನಂತರ ನಾಳಗಳು ಮತ್ತೆ ಅಗಲಗೊಂಡು ಬೆರಳಿಗೆ ಅಲೆ ಅಲೆಯಾಗಿ ರಕ್ತ ಬರುವುದನ್ನು ಬ್ರಿಟಿಷ್ ವೈದ್ಯ ಥಾಮಸ್ ಲೂಯಿಸ್ 1930ರಲ್ಲಿ ವಿವರಿಸಿದರು. ಈ ಪ್ರತಿಕ್ರಿಯೆ ಚಳಿನಾಡಿನಲ್ಲಿ ಬೆಳೆದವರಲ್ಲಿ ಬಲವಾಗಿಯೂ ಉಷ್ಣವಲಯದವರಲ್ಲಿ ಸಾಮಾನ್ಯವಾಗಿ ದುರ್ಬಲವಾಗಿಯೂ ಇರುತ್ತದೆ. ಕಿಬ್ಬರಿನ ಹುಡುಗನೊಬ್ಬ ಬರಿಗೈಯಲ್ಲಿ ದುರ್ಬೀನು ಹಿಡಿದು ನಿಂತದ್ದನ್ನು ಕಂಡು, ಅವನಿಗೆ ಸಾಧ್ಯವಾದರೆ ನನಗೂ ಸಾಧ್ಯ ಎಂದು ಕರಾವಳಿಯವರು ಎಣಿಸಬಾರದು. ಕಂಪನಿಯವರು ಕೈಗವಸಿನ ಮೇಲೆ ಬರೆದಿರುವ ತಾಪಮಾನದ ಅಂಕಿಯನ್ನೂ ನಮ್ಮವರು ಹತ್ತು ಡಿಗ್ರಿ ಕಡಿಮೆ ಭರವಸೆಯಿಂದ ಓದುವುದು ಒಳ್ಳೆಯದು. ಅಂದರೆ −15 ಎಂದಿದ್ದರೆ −5ಕ್ಕೆ ಆಗುವುದು ಎಂದುಕೊಳ್ಳಬೇಕು. ಇದು ಪ್ರಯೋಗಾಲಯದ ನಿಯಮವಲ್ಲ, ನಾನು ನನಗೆ ಹಾಕಿಕೊಂಡ ಲೆಕ್ಕ.

ಇದರ ಜೊತೆಗೆ ಕ್ಯಾಮೆರಾ ಎಂಬ ಲೋಹದ ವಸ್ತು ಕೈಯಿಂದ ಶಾಖವನ್ನು ಹೀರುತ್ತಲೇ ಇರುತ್ತದೆ. ಅಲ್ಯೂಮಿನಿಯಂ, ಮೆಗ್ನೀಸಿಯಂ ಮಿಶ್ರಲೋಹಗಳು ಪ್ಲಾಸ್ಟಿಕ್ಕಿಗಿಂತ ನೂರಾರು ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತವೆ. ಟ್ರೈಪಾಡಿನ ಅಲ್ಯೂಮಿನಿಯಂ ಕಾಲನ್ನು ಹಿಡಿದಾಗ ಅಂಗೈಗೆ ಚುಚ್ಚುವಂತಾಗುವುದು ಇದರಿಂದಲೇ; ಕಾರ್ಬನ್ ಫೈಬರಿನ ಕಾಲು ಅಷ್ಟು ಕೊರೆಯುವುದಿಲ್ಲ. ಹಳೆಯ ಟ್ರೈಪಾಡಿನ ಮೇಲಿನ ಕಾಲುಗಳಿಗೆ, ಎಸಿಯ ಪೈಪಿಗೆ ಸುತ್ತುವ ಕಪ್ಪು ಫೋಮನ್ನು ಸುತ್ತಿ ಟೇಪು ಹಚ್ಚಿದರೆ ಕೈಗವಸಿಗೆ ಅರ್ಧ ಭಾರ ಇಳಿದಂತೆ.

ಯಾವ ಚಳಿ ಎಂಬುದನ್ನು ಮೊದಲು ತೀರ್ಮಾನಿಸಿ

ಚಳಿ ಎಂದರೆ ಒಂದೇ ಅಲ್ಲ. ಕೈಗವಸನ್ನು ಕೊಳ್ಳುವಾಗ ತಾಪಮಾನದ ಅಂಕಿಗಿಂತ ಹೆಚ್ಚಾಗಿ, ಅಲ್ಲಿಯ ಚಳಿ ಒದ್ದೆಯೋ ಒಣವೋ, ಗಾಳಿ ಇದೆಯೋ ಇಲ್ಲವೋ ಎಂಬುದು ಮುಖ್ಯವಾಗುತ್ತದೆ.

ಶೂನ್ಯದ ಆಸುಪಾಸಿನ ಒದ್ದೆ ಚಳಿ ಒಂದು ಬಗೆ. ಜನವರಿಯ ಮುನ್ನಾರಿನಲ್ಲೂ ಊಟಿಯಲ್ಲೂ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟುವ ಬೆಳಗುಗಳು, ಭರತಪುರದ ಕೆರೆಗಳ ಮೇಲಿನ ಮಂಜು, ಗುಲ್ಮಾರ್ಗಿನಲ್ಲಿ ಬೀಳುತ್ತಿರುವ ಹೊಸ ಹಿಮ ಇವೆಲ್ಲ ಈ ಗುಂಪಿಗೆ ಸೇರುತ್ತವೆ. ಇಲ್ಲಿ ಹಿಮವೋ ಇಬ್ಬನಿಯೋ ಕೈಗವಸನ್ನು ಮುಟ್ಟಿದ ಕೂಡಲೇ ಕರಗುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ಒಯ್ಯುವುದರಿಂದ, ಒದ್ದೆಯಾದ ಕೈಗವಸು ಹಾಕಿಕೊಂಡು ಶೂನ್ಯ ಡಿಗ್ರಿಯಲ್ಲಿ ನಿಲ್ಲುವುದು ಒಣ ಕೈಗವಸಿನಲ್ಲಿ −10ರಲ್ಲಿ ನಿಲ್ಲುವುದಕ್ಕಿಂತ ಕಷ್ಟ. ಹೀಗೆ ಒದ್ದೆಯಾಗುವ ಜಾಗಗಳಿಗೆ ನೀರು ತಡೆಯುವ ಪೊರೆಯುಳ್ಳ ಕೈಗವಸು ಬೇಕು. ಗೋರ್‌ಟೆಕ್ಸ್ ಎಂಬ ಹೆಸರಿನಲ್ಲಿ 1976ರಿಂದ ಮಾರುಕಟ್ಟೆಯಲ್ಲಿರುವ ಪೊರೆಯೂ ಅದೇ ಮಾದರಿಯ ಬೇರೆ ಪೊರೆಗಳೂ ನೀರಿನ ಹನಿಯನ್ನು ಹೊರಗೆ ತಡೆದು ಬೆವರಿನ ಆವಿಯನ್ನು ಹೊರಗೆ ಬಿಡುತ್ತವೆ. ಆದರೆ ಪೊರೆ ಸೇರಿದಷ್ಟೂ ಬೆರಳಿನ ತುದಿ ದಪ್ಪವಾಗುತ್ತದೆ, ಒಳಗಿನ ಅಸ್ತರು ಸಡಿಲವಾಗಿ ಸರಿದಾಡುತ್ತದೆ. ಇದು ಕೊಡಬೇಕಾದ ಬೆಲೆ.

ಸ್ಪಿತಿ, ಲಡಾಖ್‌ಗಳ ಚಳಿಗಾಲದ ಒಣ ಚಳಿ ಇನ್ನೊಂದು ಬಗೆ. ಅಲ್ಲಿ −10, −15ರಲ್ಲಿ ಹಿಮ ಹಿಟ್ಟಿನಂತಿರುತ್ತದೆ. ಕೊಡವಿದರೆ ಉದುರುತ್ತದೆ, ಕೈಗವಸಿಗೆ ಇಂಗುವುದಿಲ್ಲ. ಅಲ್ಲಿಗೆ ನೀರು ತಡೆಯುವ ಪೊರೆಗೆ ಹೆಚ್ಚು ಹಣ ಸುರಿಯುವ ಬದಲು ಗಾಳಿ ತಡೆಯುವ ಹೊರಬಟ್ಟೆಗೂ ಒಳಗಿನ ದಪ್ಪಕ್ಕೂ ಸುರಿಯಬೇಕು. ಗಾಳಿ ಏನು ಮಾಡುತ್ತದೆ ಎಂಬುದಕ್ಕೆ ಅಮೆರಿಕ ಮತ್ತು ಕೆನಡಾದ ಹವಾಮಾನ ಇಲಾಖೆಗಳು 2001ರಿಂದ ಬಳಸುತ್ತಿರುವ ಸೂತ್ರವನ್ನು ನೋಡಬಹುದು: ತಾಪಮಾನ ಶೂನ್ಯವಿದ್ದು ಗಾಳಿ ಗಂಟೆಗೆ 20 ಕಿಲೋಮೀಟರ್ ಬೀಸಿದರೆ ಬರಿ ಚರ್ಮಕ್ಕೆ ಅದು −5ರಂತೆಯೂ, ತಾಪಮಾನ −10 ಇದ್ದು ಗಾಳಿ 30 ಕಿಲೋಮೀಟರ್ ಬೀಸಿದರೆ −20ರಂತೆಯೂ ತಟ್ಟುತ್ತದೆ. ಕೈಯಿಂದ ಹೆಣೆದ ಉಣ್ಣೆಯ ಕೈಗವಸು ಗಾಳಿಯಿಲ್ಲದ ಜಾಗದಲ್ಲಿ ಬಹಳ ಬೆಚ್ಚಗೆ. ಕಣಿವೆಯ ಅಂಚಿಗೆ ಬಂದ ಕೂಡಲೇ ಅದರ ಕಣ್ಣುಕಣ್ಣಿನಿಂದಲೂ ಗಾಳಿ ನುಗ್ಗುತ್ತದೆ.

ಬಗೆಗಳು, ಒಂದಕ್ಕೊಂದು ಎದುರಿಟ್ಟು

ಬೆರಳ ತುದಿಯಿಲ್ಲದ ಅರ್ಧ ಕೈಗವಸನ್ನು ಛಾಯಾಗ್ರಾಹಕರಿಗೆಂದೇ ಮಾರುವುದುಂಟು. ಕ್ಯಾಮೆರಾ ನಡೆಸಲು ಅದರಷ್ಟು ಸುಲಭವಾದದ್ದು ಬೇರೊಂದಿಲ್ಲ. ಮುನ್ನಾರಿನಲ್ಲಿ ಸೂರ್ಯ ಮೇಲೆ ಬಂದ ಮೇಲೆ, 8–10 ಡಿಗ್ರಿಯಲ್ಲಿ ನಡೆದಾಡುತ್ತ ಚಿತ್ರ ತೆಗೆಯುವವರಿಗೆ ಅದು ಸಾಕು. ಅದಕ್ಕಿಂತ ಕೆಳಗೆ ನಾನು ಅದನ್ನು ಯಾರಿಗೂ ಸೂಚಿಸುವುದಿಲ್ಲ, ಏಕೆಂದರೆ ಮೊದಲು ಮರಗಟ್ಟುವ ಭಾಗವನ್ನೇ ಅದು ತೆರೆದಿಡುತ್ತದೆ.

ತೆಳುವಾದ ಒಳಗವಸಿನ ಬಗ್ಗೆ, ಅಂದರೆ ಲೈನರಿನ ಬಗ್ಗೆ, ಹೆಚ್ಚು ಹೇಳಬೇಕು. ನನ್ನ ಲೆಕ್ಕದಲ್ಲಿ ಇಡೀ ಚೀಲದಲ್ಲಿ ಅತ್ಯಂತ ಮುಖ್ಯವಾದ ಬಟ್ಟೆ ಇದೇ. ಮೆರಿನೋ ಉಣ್ಣೆಯದು, ರೇಷ್ಮೆಯದು, ಪಾಲಿಯೆಸ್ಟರ್ ಫ್ಲೀಸಿನದು ಹೀಗೆ ಮೂರು ಬಗೆ ಸಿಗುತ್ತದೆ. ಮೆರಿನೋ ಎಳೆ ತನ್ನ ತೂಕದ ಸುಮಾರು ಶೇ 30ರಷ್ಟು ತೇವವನ್ನು ಒಳಗೆ ಹೀರಿಕೊಂಡರೂ ಕೈಗೆ ಒದ್ದೆ ಎನಿಸುವುದಿಲ್ಲ, ವಾಸನೆ ಹಿಡಿಯುವುದಿಲ್ಲ. ಆದರೆ ಬೆರಳ ತುದಿಯಲ್ಲಿ ಬೇಗ ತೂತಾಗುತ್ತದೆ. ಫ್ಲೀಸ್ ನೀರನ್ನು ಹೀರುವುದಿಲ್ಲ, ಬೇಗ ಒಣಗುತ್ತದೆ, ಅಗ್ಗ. ಗಾಳಿಯನ್ನು ಮಾತ್ರ ತಡೆಯುವುದಿಲ್ಲ. ರೇಷ್ಮೆ ಬಹಳ ತೆಳು, ಇನ್ನೊಂದರೊಳಗೆ ಸಲೀಸಾಗಿ ಜಾರುತ್ತದೆ, ಬಾಳಿಕೆ ಕಡಿಮೆ. ಹತ್ತಿಯದನ್ನು ಕೊಳ್ಳಲೇಬಾರದು, ಬೆವರನ್ನು ಹೀರಿ ಹಾಗೆಯೇ ಹಿಡಿದಿಟ್ಟುಕೊಂಡು ಕೈಯನ್ನು ತಣ್ಣಗೆ ಮಾಡುತ್ತದೆ. ನಾನು ಬಳಸುವುದು ಮೆರಿನೋ, ಮತ್ತು ಯಾವಾಗಲೂ ಎರಡು ಜೊತೆ: ಒಂದು ಕೈಯಲ್ಲಿ, ಇನ್ನೊಂದು ಅಂಗಿಯ ಒಳಜೇಬಿನಲ್ಲಿ. ಹೊರಗಿನ ಕೈಗವಸನ್ನು ತೆಗೆದಾಗಲೂ ಲೈನರ್ ಕೈಯಿಂದ ಕಳಚುವುದಿಲ್ಲ. ಆ ತೆಳು ಬಟ್ಟೆಯ ಕೆಲಸ ಬಿಸಿಯಾಗಿಡುವುದಕ್ಕಿಂತ ಹೆಚ್ಚಾಗಿ ಬರಿ ಚರ್ಮ ಲೋಹವನ್ನು ಮುಟ್ಟದಂತೆ ನೋಡಿಕೊಳ್ಳುವುದು. ತೋರುಬೆರಳು, ಹೆಬ್ಬೆರಳುಗಳ ತುದಿಯಲ್ಲಿ ವಿದ್ಯುತ್ ಹರಿಯುವ ನೂಲನ್ನು ಸೇರಿಸಿ ಹೆಣೆದಿದ್ದರೆ ಕ್ಯಾಮೆರಾದ ಸ್ಪರ್ಶಪರದೆಯೂ ನಡೆಯುತ್ತದೆ.

ಇನ್ನು ಛಾಯಾಗ್ರಾಹಕರಿಗೆಂದೇ ಹೊಲಿದ, ಹೆಬ್ಬೆರಳು ಮತ್ತು ತೋರುಬೆರಳಿನ ತುದಿ ಮಾತ್ರ ಮಡಚಿಕೊಳ್ಳುವ ಐದು ಬೆರಳಿನ ಕೈಗವಸು. ನಾರ್ವೆಯ ವ್ಯಾಲೆರೆಟ್ ಕಂಪನಿಯಿಂದ ಈ ಮಾದರಿಗೆ ಹೆಸರು ಬಂದಿದೆ. ಅಗ್ಗದ ಅನುಕರಣೆಗಳೂ ಬಹಳ ಇವೆ. ತುದಿಯ ಟೋಪಿ ಹಿಂದಕ್ಕೆ ಮಡಚಿ, ಪುಟ್ಟ ಅಯಸ್ಕಾಂತದಿಂದ ಅಲ್ಲೇ ಅಂಟಿಕೊಳ್ಳುತ್ತದೆ. ಈ ಅಯಸ್ಕಾಂತದಿಂದ ಮೆಮೊರಿ ಕಾರ್ಡಿನ ಚಿತ್ರ ಅಳಿಸಿಹೋಗುತ್ತದೆ ಎಂಬ ಭಯ ಬೇಡ. ಕಾರ್ಡುಗಳು ಕಾಂತಶಕ್ತಿಯಿಂದ ಬರೆಯುವಂಥವಲ್ಲ. ಶೂನ್ಯದಿಂದ −7, −8ರ ತನಕ, ನಡೆಯುತ್ತ ನಿಲ್ಲುತ್ತ ಚಿತ್ರ ತೆಗೆಯುವವರಿಗೆ, ಉತ್ತರಾಖಂಡದ ಚೋಪ್ತಾದಿಂದ ತುಂಗನಾಥದ ಹಾದಿಯಲ್ಲಿ ಮೊನಾಲ್ ಹುಡುಕುವವರಿಗೆ, ಇದಕ್ಕಿಂತ ಸೂಕ್ತವಾದದ್ದು ಕಾಣೆ. ಆದರೆ ಕದಲದೆ ಕುಳಿತುಕೊಳ್ಳುವುದಕ್ಕೆ ಇದು ಸಾಲದು. ಐದು ಬೆರಳುಗಳು ಐದು ಪ್ರತ್ಯೇಕ ಕೊಳವೆಗಳಲ್ಲಿ, ಒಂದಕ್ಕೊಂದು ಬಿಸಿ ಕೊಡದೆ, ಎಲ್ಲ ಬದಿಯಿಂದಲೂ ಶಾಖ ಕಳೆದುಕೊಳ್ಳುತ್ತವೆ. ಮಡಚುವ ಟೋಪಿಯ ಸೀಳಿನಿಂದ ಗಾಳಿ ಬರುವುದೂ ಇದೆ.

ನಾಲ್ಕು ಬೆರಳುಗಳು ಒಂದೇ ಚೀಲದಲ್ಲಿ, ಹೆಬ್ಬೆರಳು ಬೇರೆಯಾಗಿ ಇರುವ ಕೈಗವಸಿಗೆ ಮಿಟನ್ ಎನ್ನುತ್ತಾರೆ. ಒಂದೇ ಹೊದಿಕೆಯೊಳಗೆ ಒತ್ತಿಕೊಂಡು ಮಲಗಿದ ಮಕ್ಕಳಂತೆ ಬೆರಳುಗಳು ಒಂದನ್ನೊಂದು ಬೆಚ್ಚಗಿಡುತ್ತವೆ. ಅಷ್ಟೇ ದಪ್ಪದ ಐದು ಬೆರಳಿನ ಕೈಗವಸಿಗಿಂತ ಮಿಟನ್ ಖಂಡಿತವಾಗಿಯೂ ಬೆಚ್ಚಗೆ. ಇದರಲ್ಲೇ ಮೇಲಿನ ಚೀಲವನ್ನು ಬಿಚ್ಚಿ ಹಿಂದಕ್ಕೆ ಮಡಚುವ ಮಾದರಿ ಛಾಯಾಗ್ರಾಹಕರಿಗೆ ಹೇಳಿ ಮಾಡಿಸಿದಂತಿದೆ. ಆಸ್ಟ್ರಿಯಾದ ದಿ ಹೀಟ್ ಕಂಪನಿ ಒಳಗೆ ಲೈನರ್, ಹೊರಗೆ ಜಿಪ್ ಇರುವ ಮಿಟನ್ ಎಂಬ ಪದರಗಳ ವ್ಯವಸ್ಥೆಯನ್ನು ತಯಾರಿಸುತ್ತದೆ. ಕೊಳ್ಳುವಾಗ ಗಮನಿಸಬೇಕಾದದ್ದು ಒಂದೇ, ಮತ್ತು ಹೆಚ್ಚಿನವರು ಗಮನಿಸದೆ ಬಿಡುವುದೂ ಅದನ್ನೇ: ಹೆಬ್ಬೆರಳಿನ ಚೀಲವೂ ತೆರೆದುಕೊಳ್ಳಬೇಕು. ಇಂದು ಫೋಕಸ್ ಬಿಂದುವನ್ನು ಸರಿಸುವ ಸಣ್ಣ ಗುಬುಟು, ಹಿಂಬದಿಯ ಫೋಕಸ್ ಗುಂಡಿ, ಹಿಂಬದಿಯ ತಿರುಗುಚಕ್ರ ಮೂರೂ ಬಲಗೈ ಹೆಬ್ಬೆರಳಿನ ಕೆಳಗೇ ಇವೆ. ಹೆಬ್ಬೆರಳು ದಪ್ಪ ಚೀಲದಲ್ಲಿ ಸಿಕ್ಕಿಕೊಂಡಿದ್ದರೆ ಉಳಿದ ನಾಲ್ಕು ಬೆರಳು ಬಿಡುವಾಗಿದ್ದೂ ಪ್ರಯೋಜನವಿಲ್ಲ. ಒಂದು ಗುಂಡಿ ಒತ್ತಲು ಹೋಗಿ ಎರಡು ಒತ್ತಿಹೋಗುತ್ತವೆ.

ನಾನು ಈಗ ಕಿಬ್ಬರಿನಂಥ ಜಾಗಕ್ಕೆ ಒಯ್ಯುವುದು ಮೆರಿನೋ ಲೈನರ್, ಅದರ ಮೇಲೆ ಹೆಬ್ಬೆರಳೂ ತೆರೆಯುವ ಮಿಟನ್. ಒಳಗಿನ ತುಂಬುವಿಕೆ ಪಕ್ಷಿಪುಕ್ಕದ್ದಾಗಿದ್ದರೆ ತೂಕಕ್ಕೆ ಹೆಚ್ಚು ಬಿಸಿ, ಆದರೆ ಒದ್ದೆಯಾದರೆ ಪುಕ್ಕ ಮುದ್ದೆಯಾಗಿ ಬಿಸಿ ಹೋಗುತ್ತದೆ. ಪ್ರೈಮಾಲಾಫ್ಟ್, ಥಿನ್ಸುಲೇಟ್ ಮೊದಲಾದ ಕೃತಕ ತುಂಬುವಿಕೆಗಳು ಒದ್ದೆಯಲ್ಲೂ ಸಾಕಷ್ಟು ಕೆಲಸ ಮಾಡುತ್ತವೆ. ಕೃತಕ ತುಂಬುವಿಕೆಯ ದಪ್ಪವನ್ನು ಚದರ ಮೀಟರಿಗೆ ಇಷ್ಟು ಗ್ರಾಂ ಎಂದು ನಮೂದಿಸಿರುತ್ತಾರೆ. 40 ಎಂದರೆ ತೆಳು, 100 ಮಧ್ಯಮ, 200 ದಪ್ಪ. ಎರಡು ಬೇರೆ ಬೇರೆ ವಸ್ತುಗಳ ಗ್ರಾಂ ಅಂಕಿಗಳನ್ನು ಹೋಲಿಸಿ ತೀರ್ಮಾನಕ್ಕೆ ಬರಬಾರದು, ಒಂದೇ ವಸ್ತುವಿನೊಳಗೆ ಮಾತ್ರ ಹೋಲಿಸಬಹುದು.

ಮಿಟನ್ನಿಗೆ ಮಣಿಕಟ್ಟಿನಲ್ಲಿ ಸಿಕ್ಕಿಸುವ ದಾರ ಇರಲೇಬೇಕು. ಎರಡನೆಯ ಪ್ರವಾಸದಲ್ಲಿ ನಮ್ಮ ಪಕ್ಕ ಕುಳಿತಿದ್ದವರೊಬ್ಬರ ಬಲಗೈ ಮಿಟನ್ ತೊಡೆಯಿಂದ ಜಾರಿ, ಗಟ್ಟಿ ಹಿಮದ ಮೇಲೆ ಎರಡು ಸಲ ಪುಟಿದು, ಕಮರಿಯ ಕಡೆಗೆ ಸದ್ದಿಲ್ಲದೆ ಹೋಯಿತು. ಉಳಿದ ದಿನ ಅವರು ಬಲಗೈಗೆ ಉಣ್ಣೆಯ ಕಾಲುಚೀಲ ಹಾಕಿಕೊಂಡು ಕುಳಿತರು. ದಾರವಿದ್ದರೆ ಕೈ ಬಿಟ್ಟರೂ ಮಿಟನ್ ಮಣಿಕಟ್ಟಿನಲ್ಲೇ ತೂಗಾಡುತ್ತದೆ. ಹಲ್ಲಿನಲ್ಲಿ ಕಚ್ಚುವ ಪ್ರಮೇಯವೂ ಬಾರದು, ಎಂಜಲು ತಾಗಿ ಬಟ್ಟೆ ಗಡ್ಡೆಕಟ್ಟುವುದೂ ತಪ್ಪುತ್ತದೆ. ಅಂಗಡಿಯಲ್ಲಿ ದಾರವಿಲ್ಲದ್ದು ಸಿಕ್ಕಿದರೆ ದರ್ಜಿಯ ಬಳಿ ಅರ್ಧ ಇಂಚಿನ ಎಲಾಸ್ಟಿಕ್ ಹೊಲಿಸಿಕೊಳ್ಳಬಹುದು.

ಬ್ಯಾಟರಿಯಿಂದ ಬಿಸಿಯಾಗುವ ಕೈಗವಸುಗಳ ಆಕರ್ಷಣೆ ದೊಡ್ಡದು. ಲಡಾಖಿನ ಹಾನ್ಲೆಯಲ್ಲಿ ರಾತ್ರಿಯಿಡೀ ಆಕಾಶ ಚಿತ್ರಿಸುವವರಿಗೆ, ಕ್ಯಾಮೆರಾ ತಾನೇ ಚಿತ್ರ ತೆಗೆಯುತ್ತಿರುವಾಗ ಕೈಗೆ ಕೆಲಸವಿಲ್ಲದೆ ನಿಂತವರಿಗೆ, ಅವು ನಿಜವಾಗಿ ಉಪಕಾರಿ. ಬೆರಳಿಗೆ ರಕ್ತ ಸರಿಯಾಗಿ ಹರಿಯದ, ಚಳಿಗೆ ಬೆರಳು ಬಿಳಿಚಿಕೊಳ್ಳುವ ತೊಂದರೆಯುಳ್ಳವರು ವೈದ್ಯರನ್ನು ಕೇಳಿಕೊಂಡು ಇವನ್ನೇ ಆರಿಸಿಕೊಳ್ಳುವುದು ಒಳ್ಳೆಯದು. ಉಳಿದವರಿಗೆ ನನ್ನ ಮನಸ್ಸು ಒಪ್ಪುವುದಿಲ್ಲ. ಲಿಥಿಯಂ ಬ್ಯಾಟರಿಯ ಶಕ್ತಿ ಚಳಿಯಲ್ಲಿ ಕುಗ್ಗುತ್ತದೆ. ವಿದ್ಯುತ್ತೇ ಆಗಾಗ ಕೈಕೊಡುವ ಹಳ್ಳಿಯಲ್ಲಿ ಕ್ಯಾಮೆರಾ ಬ್ಯಾಟರಿ ಚಾರ್ಜು ಮಾಡಲು ಸರತಿ ಕಾಯುವಾಗ ಕೈಗವಸಿಗೂ ಒಂದು ಪ್ಲಗ್ ಎಲ್ಲಿಂದ ತರುವುದು? ಬಿಸಿ ನಿಂತಾಗ ಉಳಿಯುವುದು ಸಾಧಾರಣ ದಪ್ಪದ, ಬೆರಳ ಬಳಿ ತಂತಿಗಳಿರುವ ಕೈಗವಸು ಮಾತ್ರ. ವಿಮಾನದಲ್ಲಿ ಒಯ್ಯುವುದಾದರೆ ಬಿಡಿ ಬ್ಯಾಟರಿಗಳನ್ನು ಕೈಚೀಲದಲ್ಲೇ ಇಡಬೇಕೆಂಬ ನಿಯಮ ಇವಕ್ಕೂ ಅನ್ವಯಿಸುತ್ತದೆ.

ಅದರ ಬದಲು ಜೇಬಿಗೆ ಹಾಕುವ ಬಿಸಿಪೊಟ್ಟಣಗಳಿವೆ. ಕಬ್ಬಿಣದ ಪುಡಿ, ಉಪ್ಪು, ಇದ್ದಿಲು ತುಂಬಿದ ಈ ಪೊಟ್ಟಣ ಗಾಳಿ ತಾಗಿದ ಕೂಡಲೇ ತುಕ್ಕು ಹಿಡಿಯತೊಡಗಿ, ಆ ಕ್ರಿಯೆಯಲ್ಲಿ ಶಾಖವನ್ನು ಹೊರಹಾಕುತ್ತದೆ. ಗಾಳಿಯೇ ಅದರ ಆಹಾರವಾದ್ದರಿಂದ ಎರಡು ತೊಡಕುಗಳುಂಟು: ಕಿಬ್ಬರಿನ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು ಶೇ 60 ಮಾತ್ರ ಇರುವುದರಿಂದ ಅದು ನಮ್ಮೂರಿನಲ್ಲಿ ಕೊಟ್ಟಷ್ಟು ಬಿಸಿಯನ್ನು ಅಲ್ಲಿ ಕೊಡುವುದಿಲ್ಲ, ಬಿಗಿಯಾದ ಕೈಗವಸಿನೊಳಗೆ ತುರುಕಿದರೆ ಗಾಳಿಯಾಡದೆ ಆರಿಹೋಗುತ್ತದೆ. ಮಿಟನ್ನಿನ ಬೆನ್ನಿನ ಮೇಲಿರುವ ಪುಟ್ಟ ಜೇಬಿನಲ್ಲಿ ಅಥವಾ ಮಣಿಕಟ್ಟಿನ ಒಳಭಾಗದಲ್ಲಿ, ರಕ್ತನಾಳ ಚರ್ಮಕ್ಕೆ ಹತ್ತಿರವಿರುವಲ್ಲಿ, ಲೈನರಿನ ಮೇಲಿನಿಂದ ಇಟ್ಟರೆ ಕೆಲಸ ಮಾಡುತ್ತದೆ. ಬರಿ ಚರ್ಮಕ್ಕೆ ತಾಗಿಸಿ ಇಡಬಾರದು. ಮರಗಟ್ಟಿದ ಕೈಗೆ ಸುಟ್ಟದ್ದು ತಿಳಿಯುವುದಿಲ್ಲ.

ಅಳತೆ

ಬಿಗಿಯಾದ ಕೈಗವಸಿನಲ್ಲಿ ಕ್ಯಾಮೆರಾ ನಡೆಸುವುದು ಸುಲಭ ಎಂದು ಒಂದು ಅಳತೆ ಚಿಕ್ಕದನ್ನು ಕೊಳ್ಳುವ ರೂಢಿ ಇದೆ. ಬಿಗಿಯಾದಾಗ ಒಳಗಿನ ತುಂಬುವಿಕೆ ಅದುಮಿ ಗಾಳಿಯ ಪದರ ಇಲ್ಲವಾಗುತ್ತದೆ, ರಕ್ತದ ಹರಿವೂ ತಗ್ಗುತ್ತದೆ. ಗೆಣ್ಣುಗಳ ಕೆಳಗೆ, ಹೆಬ್ಬೆರಳನ್ನು ಬಿಟ್ಟು, ಅಂಗೈಯ ಸುತ್ತಳತೆಯನ್ನು ಟೇಪಿನಿಂದ ತೆಗೆಯಿರಿ. ಎಂಟು ಇಂಚು ಬಂದರೆ 8 ಎಂಬುದೇ ಹಳೆಯ ಪದ್ಧತಿಯ ಅಳತೆ. ಹೊರಗಿನ ಮಿಟನ್ನಿಗೆ ಅಳತೆ ತೆಗೆಯುವಾಗ ಲೈನರ್ ಹಾಕಿಕೊಂಡೇ ತೆಗೆಯಬೇಕು. ಮುಷ್ಟಿ ಕಟ್ಟಿದಾಗ ಬೆರಳ ತುದಿ ಬಟ್ಟೆಗೆ ಒತ್ತಬಾರದು. ತೋಟದ ಕೆಲಸ ಮಾಡಿದ ಕೈಗಳ ಅಂಗೈ ಅಗಲ, ಬೆರಳು ಗಿಡ್ಡ; ಪಾಶ್ಚಾತ್ಯ ಅಳತೆಗಳಲ್ಲಿ ಬೆರಳ ತುದಿಯಲ್ಲಿ ಬಟ್ಟೆ ಮಿಕ್ಕು ಮಡಚಿಕೊಳ್ಳುವುದುಂಟು, ಅದು ಗುಂಡಿಗಳಿಗೆ ಅಡ್ಡಿ. ಹೆಂಗಸರು ತಮ್ಮ ಅಳತೆಯಲ್ಲೇ ಹೊಲಿದದ್ದನ್ನು ಹುಡುಕಬೇಕು, ಗಂಡಸರ ‘ಸ್ಮಾಲ್’ ಅದಕ್ಕೆ ಬದಲಿಯಾಗದು. ಮಣಿಕಟ್ಟಿನ ಪಟ್ಟಿ ಜಾಕೆಟ್ಟಿನ ತೋಳಿನೊಳಗೆ ಸೇರುವಷ್ಟು ಉದ್ದವಿರಲಿ.

ಚಳಿಯಿಲ್ಲದ ಊರಿನಲ್ಲಿ ಪರೀಕ್ಷೆ

ನಮ್ಮ ಕಡೆಯವರ ದೊಡ್ಡ ಕಷ್ಟವೆಂದರೆ ಕೊಂಡದ್ದನ್ನು ಪರೀಕ್ಷಿಸಲು ಊರಿನಲ್ಲಿ ಚಳಿಯೇ ಇಲ್ಲದಿರುವುದು. ಅದಕ್ಕೆ ನಾನು ಕಂಡುಕೊಂಡ ದಾರಿ ಇದು. ಮನೆಯ ಫ್ರಿಜ್ಜಿನ ಫ್ರೀಜರ್ ಸಾಮಾನ್ಯವಾಗಿ −18 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಒಂದು ಸ್ಟೀಲಿನ ಚೆಂಬಿಗೆ ಮುಕ್ಕಾಲು ನೀರು ತುಂಬಿ ರಾತ್ರಿಯಿಡೀ ಅದರಲ್ಲಿಡಬೇಕು. ಬೆಳಗ್ಗೆ, ಊರು ಬಿಸಿಯೇರುವ ಮೊದಲು, ಕೈಗವಸು ಹಾಕಿಕೊಂಡು ಆ ಹೆಪ್ಪುಗಟ್ಟಿದ ಚೆಂಬನ್ನು ಕ್ಯಾಮೆರಾ ಹಿಡಿಯುವಂತೆಯೇ ಹಿಡಿದು ಗಡಿಯಾರ ನೋಡಬೇಕು. ಹೊರಗೆ ಕ್ಷಣದಲ್ಲೇ ಇಬ್ಬನಿ ಕಟ್ಟಿ ಬಿಳಿಯಾಗುವ ಆ ಚೆಂಬು ಯಾವ ಬೆರಳಿಗೆ ಮೊದಲು ಕೊರೆಯಿತು, ಎಷ್ಟು ನಿಮಿಷಕ್ಕೆ ಕೊರೆಯಿತು ಎಂಬುದನ್ನು ಬರೆದಿಟ್ಟುಕೊಂಡೆ. ಕಿಬ್ಬರಿಗೆ ಒಯ್ದಿದ್ದ ಆ ಕಪ್ಪು ಕೈಗವಸಿನಲ್ಲಿ ಒಂದೂವರೆ ನಿಮಿಷಕ್ಕೇ ಉಂಗುರಬೆರಳಿಗೆ ನೋವು ಬಂತು. ಬರಿ ಮೆರಿನೋ ಲೈನರಿನಲ್ಲಿ ಒಂದು ನಿಮಿಷ ತಡೆಯಿತು. ಲೈನರ್ ಮತ್ತು ಮಿಟನ್ ಸೇರಿದಾಗ ಹತ್ತು ನಿಮಿಷದ ಬಳಿಕವೂ ಅಂಗೈಗೆ ತಣ್ಣಗಿನ ಸುಳಿವು ಮಾತ್ರ. ಇದರಿಂದ ಗಾಳಿಯ ಪರೀಕ್ಷೆ ಆಗುವುದಿಲ್ಲ, ಆದರೆ ಎರಡು ಕೈಗವಸುಗಳಲ್ಲಿ ಯಾವುದು ಮೇಲು ಎಂಬುದು ಅನುಮಾನಕ್ಕೆ ಎಡೆಯಿಲ್ಲದಂತೆ ತಿಳಿಯುತ್ತದೆ. ನೋವು ಶುರುವಾದ ಕೂಡಲೇ ನಿಲ್ಲಿಸಿ. ಬರಿಗೈಯಲ್ಲಿ ಚೆಂಬನ್ನು ಹಿಡಿಯಲು ಹೋಗಬೇಡಿ.

ಕೈಚಳಕದ ಪರೀಕ್ಷೆಗೆ ಚಳಿ ಬೇಕಾಗಿಲ್ಲ. ಚಾವಡಿಯಲ್ಲಿ ಕುಳಿತು, ಕಣ್ಣು ಮುಚ್ಚಿ, ಲೈನರ್ ಹಾಕಿದ ಕೈಯಿಂದ ಬ್ಯಾಟರಿ ಬದಲಿಸಿ, ಕಾರ್ಡ್ ತೆಗೆದು ಹಾಕಿ, ಟ್ರೈಪಾಡಿನ ತಿರುಪು ಬಿಗಿದು ನೋಡಿ. ಒಂದು ನಿಮಿಷದೊಳಗೆ ಆಗದಿದ್ದರೆ ಹಿಮದಲ್ಲಿ ಆಗುವುದಿಲ್ಲ. ಕ್ಯಾಮೆರಾದಲ್ಲಿಯೂ ಕೆಲವನ್ನು ಮೊದಲೇ ಬದಲಿಸಿಟ್ಟುಕೊಳ್ಳಬಹುದು: ಫೋಕಸನ್ನು ಶಟರಿನಿಂದ ಬಿಡಿಸಿ ಹಿಂಬದಿಯ ಗುಂಡಿಗೆ ಕೊಟ್ಟರೆ, ಅರ್ಧ ಒತ್ತುವುದು, ಪೂರ್ತಿ ಒತ್ತುವುದು ಎಂಬ ನಾಜೂಕು ಲೆಕ್ಕವೇ ಬೇಕಾಗುವುದಿಲ್ಲ. ಅಂದು ನನಗೆ ಇದು ಗೊತ್ತಿದ್ದರೆ ಏಣಿನ ಮೇಲಿನ ಆ ಚಿತ್ರ ಸಿಗುತ್ತಿತ್ತು.

ಕೈಗವಸು ಸೋತಾಗ

ಎಷ್ಟೇ ಎಚ್ಚರವಿದ್ದರೂ ಬೆರಳು ಬಿಳಿಚಿ ಸ್ಪರ್ಶ ಹೋದರೆ ತಿಕ್ಕಬಾರದು, ಹಿಮದಿಂದಂತೂ ಉಜ್ಜಲೇಬಾರದು, ಒಲೆಯ ಮುಂದೆ ಚಾಚಬಾರದು. ಕಂಕುಳು, ಹೊಟ್ಟೆಗಳ ಬಿಸಿಗೆ ಇಡಬೇಕು. ಬಿಳುಪು, ಗಟ್ಟಿತನ ಹೋಗದಿದ್ದರೆ ಅದು ಹಿಮಕಡಿತವಾಗಿರಬಹುದು, ಅಂದರೆ ಬೆರಳ ಚರ್ಮವೇ ಹೆಪ್ಪುಗಟ್ಟಿರಬಹುದು. ಮತ್ತೆ ಹೆಪ್ಪುಗಟ್ಟುವ ಭಯವಿಲ್ಲದ ಕೋಣೆಗೆ ಬಂದ ಮೇಲಷ್ಟೇ 37ರಿಂದ 39 ಡಿಗ್ರಿಯ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ, ವೈದ್ಯರ ಬಳಿಗೆ ಹೋಗಬೇಕು. ಹೊಗೆಸೊಪ್ಪು ರಕ್ತನಾಳಗಳನ್ನು ಇನ್ನಷ್ಟು ಸಂಕುಚಿಸುವುದರಿಂದ ಬೀಡಿ, ಸಿಗರೇಟು, ಹೊಗೆಸೊಪ್ಪು ಹಾಕಿದ ಎಲೆಯಡಿಕೆ ಅಲ್ಲಿ ಬೇಡ.

ಸಂಜೆ ವಸತಿಗೆ ಮರಳಿದಾಗ ಒದ್ದೆಯಾದ ಲೈನರನ್ನು ಕಬ್ಬಿಣದ ಒಲೆಯ ಕೊಳವೆಗೆ ನೇತುಹಾಕುವ ಆಸೆಯಾಗುತ್ತದೆ. ಫ್ಲೀಸ್ ಅಲ್ಲಿ ಕರಗುತ್ತದೆ, ಚರ್ಮದ ಅಂಗೈ ಬಿರಿಯುತ್ತದೆ. ಲೈನರನ್ನು ಒಳಂಗಿಯ ಕೆಳಗೆ ಹೊಟ್ಟೆಗೆ ಸೇರಿಸಿ ಮಲಗಿದರೆ ಬೆಳಗಾಗುವಷ್ಟರಲ್ಲಿ ಒಣಗಿ ಬೆಚ್ಚಗಿರುತ್ತದೆ. ಕ್ಯಾಮೆರಾ ಬ್ಯಾಟರಿಗಳಿಗೂ ಅದೇ ಜಾಗ.

ಊರಿಗೆ ಬಂದ ಮೇಲೆ ಕೈಗವಸಿನ ನಿಜವಾದ ವೈರಿ ನಮ್ಮ ಆಟಿ ತಿಂಗಳ ಮಳೆ. ಮೂರು ತಿಂಗಳು ಕಪಾಟಿನಲ್ಲಿಟ್ಟ ಚರ್ಮದ ಮೇಲೆ ಹಸಿರು ಬೂಷ್ಟು ಹಿಡಿಯುತ್ತದೆ, ಮೆರಿನೋವನ್ನು ಹುಳು ತಿನ್ನುತ್ತದೆ. ಮೃದುವಾದ ದ್ರವ ಸಾಬೂನಿನಲ್ಲಿ, ಬಟ್ಟೆ ಮೆದುಗೊಳಿಸುವ ದ್ರವ ಹಾಕದೆ ತೊಳೆದು, ನೆರಳಿನಲ್ಲಿ ನಾಲ್ಕು ದಿನ ಪೂರ್ತಿ ಒಣಗಿಸಿ, ಲೆನ್ಸುಗಳನ್ನಿಡುವ ಗಾಳಿಯಾಡದ ಡಬ್ಬಿಯಲ್ಲೇ ಸಿಲಿಕಾ ಜೆಲ್ಲಿನ ಪೊಟ್ಟಣದೊಂದಿಗೆ ಇಡುತ್ತೇನೆ. ಮಿಟನ್ನನ್ನು ಅದುಮದೆ, ಮೇಲೆ ಭಾರ ಹೇರದೆ ಇಟ್ಟರೆ ತುಂಬುವಿಕೆ ಚಪ್ಪಟೆಯಾಗುವುದಿಲ್ಲ. ಜೆಲ್ಲಿನ ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದಾಗ ಅದನ್ನು ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಮತ್ತೆ ನೀಲಿಯಾಗುವ ತನಕ ಬಿಸಿಮಾಡಿ ಡಬ್ಬಿಗೆ ಹಾಕಬೇಕು. ಆ ಬಾಣಲೆಯನ್ನು ಮತ್ತೆ ಅಡುಗೆಗೆ ಬಳಸಲೇಬಾರದು.